ಸಂಖ್ಯೆ ತಾಳೆಯಾಗದೆ ಬೆಲೆ ಇಲ್ಲ

— ಮಾವ, ಅಪ್ಪನ ರಿವಾಲ್ವರಿಗೆ ಉಲ್ಲಾಸನಗರದ ಒಬ್ಬರು ಎಪ್ಪತ್ತು ಸಾವಿರ ಹೇಳಿದ್ದಾರೆ. ಅವರ ಹತ್ತಿರ ಲೈಸೆನ್ಸ್ ಇದೆಯಂತೆ. ಕೊಟ್ಟುಬಿಡುವುದಾ?

— ರಿವಾಲ್ವರ್ ಈಗ ಎಲ್ಲಿದೆ?

— ಅಂಗಡಿಯಲ್ಲಿದೆ. ಉತ್ತರಕ್ರಿಯೆ ಮುಗಿದ ಮೇಲೆ ಅಣ್ಣ ಕಲ್ಯಾಣದ ಪೊಲೀಸ್ ಸ್ಟೇಷನ್ನಿನಲ್ಲಿ ತಿಳಿಸಿ, ಅವರು ಹೇಳಿದ ಹಾಗೆ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಜಮಾ ಮಾಡಿದ. ರಶೀದಿ ತಂದಿದ್ದೇನೆ. ಅಪ್ಪನ ಲೈಸೆನ್ಸ್ ಪುಸ್ತಕವೂ ಇದೆ. ಅಂಗಡಿಯವರು ಕೋವಿ ಬಿಚ್ಚಿ, ಖಾಲಿ ಇದೆ ಎಂದು ತೋರಿಸಿದಾಗ ಅಣ್ಣ ಮೊಬೈಲಿನಲ್ಲಿ ಫೋಟೋ ತೆಗೆದಿದ್ದಾನೆ.

— ಹಾಗಾದರೆ ಕೂತು ಮಾತಾಡಬಹುದು. ಇನ್ನೂ ಮನೆಯ ಕಪಾಟಿನಲ್ಲೇ ಇದೆ ಎಂದಿದ್ದರೆ ಬೆಲೆಯ ಮಾತೇ ಬೇಡ, ಮೊದಲು ಎದ್ದು ಹೋಗಿ ಜಮಾ ಮಾಡಿ ಬನ್ನಿ ಎನ್ನುತ್ತಿದ್ದೆ. ಅಪ್ಪನ ಹೋಟೆಲು ಮಕ್ಕಳಿಗೆ ಬಂತು, ಊರಿನ ತೋಟವೂ ಬಂತು. ಲೈಸೆನ್ಸ್ ಹಾಗೆ ಬರುವುದಿಲ್ಲ. ಅದು ಅವರ ಹೆಸರಿನದು, ಅವರ ಜೊತೆಗೇ ಮುಗಿಯಿತು. 1959ರ ಆಯುಧ ಕಾಯ್ದೆಯ 21ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಯಾವ ಕಾರಣಕ್ಕೇ ಆಗಲಿ, ಆಯುಧ ಇಟ್ಟುಕೊಳ್ಳುವ ಹಕ್ಕು ತಪ್ಪಿದ ಕೂಡಲೇ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಒಪ್ಪಿಸಬೇಕು. ಒಪ್ಪಿಸಿದರೆ ಮಾರುವ ಹಕ್ಕು ನಿಮ್ಮ ಕೈಯಲ್ಲೇ ಉಳಿಯುತ್ತದೆ, ಬಂದ ಹಣವೂ ನಿಮ್ಮದೇ. ಗೊತ್ತುಪಡಿಸಿದ ಅವಧಿ ಮೀರಿದರೆ ಮಾತ್ರ ಅದನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಟ್ರಂಕಿನಲ್ಲಿ ಬಿಟ್ಟು, ಆಮೇಲೆ ಯಾರೋ ಹೆದರಿಸಿದಾಗ ಖಾಡಿಯ ನೀರಿಗೆ ಎಸೆಯಲು ಹೊರಡುತ್ತಾರೆ. ಅದರಷ್ಟು ದೊಡ್ಡ ತಪ್ಪು ಇನ್ನೊಂದಿಲ್ಲ. ನಾಳೆ ಪುಸ್ತಕ ನೋಡಿ ಕೋವಿ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು?

— ಅಪ್ಪ ಅದನ್ನು ಯಾಕೆ ತೆಗೆದುಕೊಂಡರು ಎನ್ನುವುದೇ ನಮಗೆ ಸರಿಯಾಗಿ ಗೊತ್ತಿಲ್ಲ. ನಾವು ಚಿಕ್ಕವರು.

— ನನಗೆ ಗೊತ್ತು. ತೊಂಬತ್ತರ ದಶಕದ ಮಾತು. ಹೋಟೆಲಿನವರಿಗೆ, ಬಿಲ್ಡರುಗಳಿಗೆ ಹಣಕ್ಕೆ ಬೆದರಿಸುವ ಖಂಡಣಿಯ ಫೋನುಗಳು ಬರುತ್ತಿದ್ದ ಕಾಲ. ರಾತ್ರಿ ಗಲ್ಲಾದ ಹಣ ಹಿಡಿದುಕೊಂಡು ಸ್ಟೇಷನ್ ರಸ್ತೆಯಲ್ಲಿ ಮನೆಗೆ ಹೋಗುವ ಮನುಷ್ಯನಿಗೆ ಹೆದರಿಕೆ ಇರುವುದಿಲ್ಲವಾ? ಊರಿನಲ್ಲಾದರೆ ಕಾಡುಹಂದಿ ಓಡಿಸಲಿಕ್ಕೆ, ಬೆಳೆ ಕಾಯಲಿಕ್ಕೆ ಎಂದು ತೋಟದ ಕೋವಿಗೆ ಲೈಸೆನ್ಸ್ ತೆಗೆದುಕೊಳ್ಳುತ್ತಾರೆ. ಪುತ್ತೂರು, ಸುಳ್ಯದ ಕಡೆ ಎಷ್ಟು ಮನೆಗಳಲ್ಲಿಲ್ಲ! ಇಲ್ಲಿ ನಿನ್ನ ಅಪ್ಪನಿಗೆ ಬೇಕಾದದ್ದು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವಂಥದ್ದು. ನಿವೃತ್ತಿಯಾಗಿ ಊರಿಗೆ ಹೊರಟಿದ್ದ ಒಬ್ಬರಿಂದ ಕಾಗದಪತ್ರ ಸಹಿತ ಕೊಂಡರು. ಒಂದು ದಿನವೂ ಹಾರಿಸಲಿಲ್ಲ. ದೇವರ ದಯೆ. ಸರಿ, ಫೋಟೋ ತೋರಿಸು.

— ಇದು ಎಡಬದಿ. ಇದು ಬಲಬದಿ. ಇದು ಬಿಚ್ಚಿದಾಗ.

— ನಡುವೆ ಮಡಚಿಕೊಳ್ಳುತ್ತದೆ, ನೋಡು. ಎಡಬದಿಯ ಈ ಕೊಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ, ಸಿಲಿಂಡರಿನ ಆರು ಮನೆಗಳೂ ಕಾಣುತ್ತವೆ. ವೆಬ್ಲಿಯ ಲಕ್ಷಣ ಇದು. ಬ್ರಿಟಿಷ್ ಸೈನ್ಯ 1887ರಲ್ಲಿ ವೆಬ್ಲಿ ರಿವಾಲ್ವರನ್ನು ಒಪ್ಪಿಕೊಂಡಿತು. ಮುಂದೆ ಈ ನಮೂನೆ ಹಿಂದುಸ್ತಾನದ ಸಿಪಾಯಿ, ಪೊಲೀಸು, ತೋಟದ ದೊರೆ ಎಲ್ಲರ ಸೊಂಟಕ್ಕೂ ಬಂತು. ಈಗಲೂ ಕಾನ್ಪುರದಲ್ಲಿ ಸರ್ಕಾರಿ ಕಾರ್ಖಾನೆ ಮಾಡುವ ಮೂವತ್ತೆರಡು ಬೋರಿನ ರಿವಾಲ್ವರ್ ಇದೇ ವೆಬ್ಲಿಯ ನಾಲ್ಕನೇ ಮಾರ್ಕಿನ ಅಚ್ಚಿನಲ್ಲೇ ಬಂದದ್ದು. ಹಾಗಾಗಿ ಆಕಾರ ನೋಡಿ ವೆಬ್ಲಿ ಎಂದುಬಿಡಬಾರದು. ಅಚ್ಚು ನೋಡಬೇಕು.

— ಅಚ್ಚು ಎಂದರೆ ಈ ಬರಹವಾ? ಇಲ್ಲಿ ‘ವೆಬ್ಲಿ ಅಂಡ್ ಸ್ಕಾಟ್ ಲಿಮಿಟೆಡ್, ಬರ್ಮಿಂಗ್‌ಹ್ಯಾಮ್’ ಎಂದಿದೆ. ಅಷ್ಟು ಸಾಕಲ್ಲವಾ?

— ಹೆಸರನ್ನು ಯಾರು ಬೇಕಾದರೂ ಕೆತ್ತಬಹುದು. ಥಾಣೆ ಪೊಲೀಸರು ಆಗಾಗ ಹಿಡಿಯುವ ಗಾವ್‌ಠಿ ಕಟ್ಟಾಗಳ, ಅಂದರೆ ನಾಡಪಿಸ್ತೂಲುಗಳ ಸುದ್ದಿ ಓದುತ್ತೀಯಲ್ಲ, ಹಾಗೆ ಕಳ್ಳತನದಲ್ಲಿ ತಯಾರಾದವುಗಳ ಮೇಲೂ ವಿಲಾಯ್ತಿ ಹೆಸರು ಕೂತಿರುವುದುಂಟು. ಅಂಥದರಲ್ಲಿ ಅಕ್ಷರಗಳ ಸಾಲು ಸೊಟ್ಟಗಿರುತ್ತದೆ, ಒಂದಕ್ಷರ ಆಳ, ಇನ್ನೊಂದು ತೆಳು. ಪ್ರೂಫ್ ಗುರುತಂತೂ ಇರುವುದೇ ಇಲ್ಲ, ಇದ್ದರೂ ಅರ್ಥವಿಲ್ಲದ್ದು. ಈ ಫೋಟೋವನ್ನು ದೊಡ್ಡದು ಮಾಡು. ಇನ್ನೂ. ಸಿಲಿಂಡರಿನ ಮೇಲೆ ಎರಡು ಮನೆಗಳ ನಡುವಿನ ಜಾಗ ನೋಡು. ಏನು ಕಾಣುತ್ತದೆ?

— ಒಂದು ಚಿಕ್ಕ ಕಿರೀಟ. ಅದರ ಕೆಳಗೆ ಇಂಗ್ಲಿಷಿನ ಮೂರಕ್ಷರ. ಬಿ, ಎನ್, ಪಿ.

— ಪ್ರತಿಯೊಂದು ಮನೆಯ ಪಕ್ಕದಲ್ಲೂ ಇದೆಯಾ?

— ಕಾಣುವ ಮೂರರಲ್ಲಿ ಇದೆ.

— ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನ ಗುರುತು ಅದು. ಮಾಮೂಲಿ ಗುಂಡಿಗಿಂತ ಹೆಚ್ಚು ಒತ್ತಡದ ಗುಂಡನ್ನು ಒಂದೊಂದು ಮನೆಯಿಂದಲೂ ಹಾರಿಸಿ, ಲೋಹ ತಾಳಿಕೊಂಡರೆ ಮಾತ್ರ ಒತ್ತುವ ಅಚ್ಚು. ಆ ಮೂರಕ್ಷರದಿಂದ ಕಾಲವೂ ಸಿಗುತ್ತದೆ. 1904ರಿಂದ ಐವತ್ತರ ದಶಕದ ನಡುವಿನ ತನಕ ಅಲ್ಲಿ ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಎಂದು ಬೇರೆಬೇರೆ ಅಚ್ಚು ಒತ್ತುತ್ತಿದ್ದರು. ಬಿ.ಎನ್.ಪಿ. ಎಂದು ಮೂರೂ ಒಟ್ಟಿಗೆ ಬಂದದ್ದು 1954ರ ಹೊಸ ನಿಯಮಗಳ ನಂತರ. ಪಕ್ಕದಲ್ಲಿ ಅಡ್ಡ ಕತ್ತಿಗಳ ಹಾಗೆ ಒಂದು ಸಣ್ಣ ಗುರುತು ಇದೆಯಾ?

— ಇದೆ. ಅದರ ಒಂದು ಬದಿಯಲ್ಲಿ ಎಫ್ ಅಕ್ಷರ.

— ಅದು ವರ್ಷದ ಅಕ್ಷರ. 1921ರಲ್ಲಿ ಎ ಇಂದ ಶುರುಮಾಡಿದರು, ಯುದ್ಧ ಮುಗಿದ ಮೇಲೆ 1950ರಲ್ಲಿ ಮತ್ತೆ ಎ ಇಂದ ಹೊಸ ಸುತ್ತು. ಹಾಗಾದರೆ ಎಫ್ ಎನ್ನುವುದು 1926 ಆಗಬಹುದು, 1955 ಆಗಬಹುದು. ಬಿ.ಎನ್.ಪಿ. ಇರುವುದರಿಂದ ಮೊದಲನೆಯ ಸುತ್ತು ಕಳಚಿತು. ನಿನ್ನ ಅಪ್ಪನ ರಿವಾಲ್ವರ್ 1955ರ ಆಸುಪಾಸಿನದು. ಮಹಾಯುದ್ಧದ ಕೋವಿ ಅಂತ ಯಾರಾದರೂ ಹೇಳಿದ್ದರಾ?

— ಅಪ್ಪನೇ ಹೇಳುತ್ತಿದ್ದರು. ಯಾವನೋ ಬ್ರಿಟಿಷ್ ಕ್ಯಾಪ್ಟನ್ ಬರ್ಮಾದಲ್ಲಿ ಹಿಡಿದದ್ದು ಅಂತ.

— ಮಾರಿದವರು ಕಟ್ಟಿದ ಕತೆ ಇರಬೇಕು. ಸೈನ್ಯದ ಕೋವಿಯಾಗಿದ್ದರೆ ಅಗಲ ಬಾಣದ ಸರ್ಕಾರಿ ಗುರುತು ಎಲ್ಲಾದರೂ ಇರುತ್ತಿತ್ತು. ಯುದ್ಧಕಾಲದ ವೆಬ್ಲಿಗಳ ಮೇಲೆ ‘ವಾರ್ ಫಿನಿಶ್’ ಎಂದೇ ಅಚ್ಚು ಇರುತ್ತದೆ, ಅವಸರದಲ್ಲಿ ಮಾಡಿದ್ದರಿಂದ ಪಾಲಿಶ್ ಒರಟು ಎಂದು ಕಂಪೆನಿಯೇ ಮೊದಲೇ ಹೇಳಿಕೊಂಡ ಹಾಗೆ. ಇದು ಪೇಟೆಗೆಂದು ತಯಾರಾದ ನಾಗರಿಕ ಕೋವಿ. ಬೇಸರ ಮಾಡಬೇಡ. ಯುದ್ಧದ ಕೋವಿ ಅಲ್ಲದಿರುವುದೇ ನಿಮ್ಮ ಪುಣ್ಯ.

— ಅದು ಹೇಗೆ? ಹಳೆಯದಾದಷ್ಟೂ, ಕತೆ ಇದ್ದಷ್ಟೂ ಬೆಲೆ ಹೆಚ್ಚಲ್ಲವಾ?

— ಲಂಡನ್ನಿನ ಹರಾಜಿನಲ್ಲಿ ಹಾಗೆ. ನಮ್ಮಲ್ಲಿ ಬೋರು ಮೊದಲು, ವಯಸ್ಸು ಆಮೇಲೆ. ಮೊದಲನೇ ಮಹಾಯುದ್ಧದ ವೆಬ್ಲಿ .455 ಬೋರಿನದು. ಎರಡನೇ ಯುದ್ಧದ ವೆಬ್ಲಿ, ಎನ್‌ಫೀಲ್ಡುಗಳು .380. ಈ ಎರಡರಲ್ಲಿ ಯಾವ ಗುಂಡನ್ನು ಹಾರಿಸಬಲ್ಲ ರಿವಾಲ್ವರಾದರೂ ನಮ್ಮ ಕಾನೂನಿನಲ್ಲಿ ಪ್ರೊಹಿಬಿಟೆಡ್ ಬೋರ್, ನಿಷೇಧಿತ. ಸೈನ್ಯದ 9 ಎಂಎಂ, .45 ಕೂಡ ಹಾಗೆಯೇ. ಅಂಥದಕ್ಕೆ ಲೈಸೆನ್ಸ್ ಕೊಡುವ ಅಧಿಕಾರ ಥಾಣೆಯ ಪೊಲೀಸ್ ಕಮಿಷನರರಿಗಿಲ್ಲ, ದೆಹಲಿಯ ಗೃಹ ಮಂತ್ರಾಲಯಕ್ಕೆ ಹೋಗಬೇಕು. ಕೊಳ್ಳುವವರು ಎಲ್ಲಿಂದ ಸಿಗುತ್ತಾರೆ? ಅಜ್ಜನ ಕಾಲದ .455 ವೆಬ್ಲಿಯನ್ನು ಬಂಗಾರದ ಹಾಗೆ ಕಾದುಕೊಂಡು ಬಂದು, ಕೊನೆಗೆ ಬಿಡಿಗಾಸೂ ಸಿಗದೆ ಒಪ್ಪಿಸಿದವರನ್ನು ನಾನು ಮುಂಬಯಿ ಕೋಟೆಯ ಕೋವಿ ಅಂಗಡಿಯಲ್ಲಿ ಕೂತಿದ್ದಾಗ ಕಣ್ಣಾರೆ ನೋಡಿದ್ದೇನೆ. ಅವರ ಮುಖ ನೋಡಲಾಗುತ್ತಿರಲಿಲ್ಲ. ಪುಸ್ತಕದಲ್ಲಿ ನಿಮ್ಮದು ಎಷ್ಟು ಬೋರು ಎಂದಿದೆ?

— .32, ಎನ್‌ಪಿಬಿ. ನಿಷೇಧಿತವಲ್ಲದ ಬೋರ್ ಎಂದಲ್ಲವಾ?

— ನಳಿಗೆಯ ಮೇಲಿನ ಅಚ್ಚಿನಲ್ಲಿಯೂ .32 ಇದೆ. ಒಳ್ಳೆಯದಾಯಿತು. ಮಾರಬಹುದಾದ ಕೋವಿ. ಅದರ ಗುಂಡೂ ಇಲ್ಲಿ ಸಿಗುತ್ತದೆ. ಪುಣೆಯ ಖಡ್ಕಿ ಕಾರ್ಖಾನೆಯ ಗುಂಡಿನ ತಳದಲ್ಲಿ ಕೆ.ಎಫ್. ಎಂದು ಒತ್ತಿರುತ್ತಾರೆ. ನಾನು ಅಂಬರನಾಥದ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಅಳತೆ ವಿಭಾಗದಲ್ಲಿದ್ದವನು. ನಮ್ಮಲ್ಲಿ ಹಿತ್ತಾಳೆ ಮಾಡುತ್ತಿದ್ದರು, ಗುಂಡಿನ ಕಾರ್ಖಾನೆಗಳಿಗೆ ಹೋಗುವ ಹಿತ್ತಾಳೆ. ಕೂದಲೆಳೆಯಷ್ಟು ದಪ್ಪ ತಪ್ಪಿದರೆ ಇಡೀ ಲಾಟು ವಾಪಸು. ಆ ಅಭ್ಯಾಸ ಹೋಗಿಲ್ಲ, ಅದಕ್ಕೇ ಇಷ್ಟು ಗುರುತು ಕೇಳುತ್ತಿದ್ದೇನೆ. ಈಗ ಸಂಖ್ಯೆ ಓದು. ಮೊದಲು ಲೋಹದ್ದು, ಆಮೇಲೆ ಪುಸ್ತಕದ್ದು. ಕೊನೆಯ ಮೂರು ಅಂಕೆ ಸಾಕು.

— ಲೋಹದ ಮೇಲೆ 4, 3, 1. ಪುಸ್ತಕದಲ್ಲಿ 4, 3… ಮಾವ, ಇಲ್ಲಿ 7 ಎಂದಿದೆ.

— ನಿಧಾನ. ಫೋಟೋ ಇನ್ನೊಮ್ಮೆ ನೋಡು. 1ರ ಸುತ್ತ ಅರದಿಂದ ಉಜ್ಜಿದ ಹಾಗೆ, ತಗ್ಗು ಬಿದ್ದ ಹಾಗೆ ಏನಾದರೂ ಇದೆಯಾ?

— ಇಲ್ಲ. ಎಲ್ಲ ಅಂಕೆಗಳೂ ಒಂದೇ ಆಳ. ಸುತ್ತ ಕಪ್ಪು ಬಣ್ಣ ಒಂದೇ ಸಮನಾಗಿದೆ.

— ಹಾಗಾದರೆ ತಪ್ಪು ಕಾಗದದ್ದು, ಲೋಹದ್ದಲ್ಲ. ಆದರೂ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಕಾಯ್ದೆಯ 8ನೇ ಕಲಮಿನ ಪ್ರಕಾರ ಕೋವಿಯ ಮೇಲಿನ ಹೆಸರು, ಸಂಖ್ಯೆ ಅಳಿಸುವುದು, ತಿದ್ದುವುದು ಅಪರಾಧ. ಗುರುತಿಲ್ಲದ ಕೋವಿಯನ್ನು ಮಾರುವಂತೆಯೇ ಇಲ್ಲ. ಪುಸ್ತಕದಲ್ಲಿ 7, ಕೋವಿಯಲ್ಲಿ 1 ಎಂದರೆ ಕಾನೂನಿನ ಕಣ್ಣಿಗೆ ಎರಡು ಕೋವಿ. ಒಂದು ಲೈಸೆನ್ಸ್ ಇದ್ದು ಕಾಣೆಯಾದದ್ದು, ಇನ್ನೊಂದು ಲೈಸೆನ್ಸೇ ಇಲ್ಲದ್ದು. 2019ರ ತಿದ್ದುಪಡಿಯ ಮೇಲೆ ಲೈಸೆನ್ಸಿಲ್ಲದ ಕೋವಿಗೆ ಕನಿಷ್ಠ ಶಿಕ್ಷೆಯೇ ಎರಡು ವರ್ಷ. ಎಪ್ಪತ್ತು ಸಾವಿರಕ್ಕೆ ಅವಸರದಲ್ಲಿ ಕೊಟ್ಟಿದ್ದರೆ ಕೊಂಡವರ ಗತಿ, ನಿಮ್ಮ ಗತಿ ಏನು?

— ಅಯ್ಯೋ. ಈಗ ಏನು ಮಾಡುವುದು?

— ಪುಸ್ತಕವನ್ನು ಹಿಂದಿನಿಂದ ನೋಡಿಕೊಂಡು ಬಾ. ಕೊಂಡಾಗಿನ ಮೊದಲ ನಮೂದು ಇರುವ ಹಳೆಯ ಪುಸ್ತಕ ಇದೆಯಾ?

— ಇದೆ, ಈ ಪ್ಲಾಸ್ಟಿಕ್ ಕವರಿನಲ್ಲಿ. ಇಲ್ಲಿ ಕೊನೆಯ ಅಂಕೆ 1. ಕೈಬರಹದ 1, ತಲೆಗೆ ಒಂದು ಕೊಕ್ಕೆ ಎಳೆದಿದ್ದಾರೆ. ಹೊಸ ಪುಸ್ತಕ ಮಾಡಿಸಿದಾಗ ನಕಲು ಮಾಡಿದವರು ಅದನ್ನು 7 ಎಂದು ಓದಿರಬೇಕು.

— ಮತ್ತೆ ಚುನಾವಣೆಗಳಲ್ಲಿ ಠಾಣೆಗೆ ಜಮಾ ಮಾಡಿದ ರಶೀದಿಗಳು? ನಿನ್ನ ಅಪ್ಪ ಒಂದು ಚೀಟಿಯನ್ನೂ ಬಿಸಾಡುವವರಲ್ಲ.

— ಎಲ್ಲ ಪಿನ್ನು ಹಾಕಿ ಇಟ್ಟಿದ್ದಾರೆ. ಇದರಲ್ಲಿ 1. ಇದರಲ್ಲಿಯೂ 1. ಇವರು ಕೋವಿ ನೋಡಿಯೇ ಬರೆದದ್ದು ಅಲ್ಲವಾ?

— ಹೌದು, ಠಾಣೆಯವರು ಲೋಹ ನೋಡಿ ಬರೆದಿದ್ದಾರೆ. ಈ ಹಳದಿಯಾದ ಚೀಟಿಗಳೇ ಈಗ ನಿಮ್ಮ ಆಸ್ತಿ. ಭಗತ್ ಸಿಂಗರ ಪಿಸ್ತೂಲಿನ ವಿಷಯ ಗೊತ್ತಾ ನಿನಗೆ?

— ಬ್ರಿಟಿಷ್ ಪೊಲೀಸ್ ಅಧಿಕಾರಿ ಸ್ಯಾಂಡರ್ಸನನ್ನು ಹೊಡೆದದ್ದಾ?

— ಅದೇ. .32 ಬೋರಿನ ಅಮೆರಿಕದ ಕೋಲ್ಟ್ ಪಿಸ್ತೂಲು. ಎಷ್ಟೋ ದಶಕ ಅದು ಎಲ್ಲಿದೆ ಎಂದು ಯಾರೂ ಹೇಳುವವರಿರಲಿಲ್ಲ. 1969ರಲ್ಲಿ ಪಂಜಾಬಿನ ಫಿಲ್ಲೌರಿನ ಪೊಲೀಸ್ ಅಕಾಡೆಮಿಯಿಂದ ಬೇರೆ ಆಯುಧಗಳ ಜೊತೆ ಇಂದೋರಿನ ಬಿಎಸ್‌ಎಫ್ ಶಾಲೆಗೆ ಹೋಗಿತ್ತು. ತುಕ್ಕು ಹಿಡಿಯಬಾರದು ಎಂದು ಅಲ್ಲಿ ಎಲ್ಲದಕ್ಕೂ ಕಪ್ಪು ಬಣ್ಣ ಬಳಿದು ಪ್ರದರ್ಶನಕ್ಕಿಟ್ಟಿದ್ದರು. ನೋಡಿದವರಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಪಿಸ್ತೂಲು. 2016ರಲ್ಲಿ ಬಣ್ಣ ಕೆರೆದು ನೋಡಿದಾಗ ಕೆಳಗೆ 168896 ಎಂಬ ಸಂಖ್ಯೆ ಸಿಕ್ಕಿತು. ಮೊಕದ್ದಮೆಯ ದಾಖಲೆಯಲ್ಲಿದ್ದದ್ದೂ ಅದೇ ಸಂಖ್ಯೆ. ಅಷ್ಟೇ. ಈಗ ಅದು ಹುಸೇನಿವಾಲಾದ ಮ್ಯೂಸಿಯಮ್ಮಿನಲ್ಲಿದೆ, ಜನ ಕೈಮುಗಿಯುತ್ತಾರೆ. ಆ ಆರು ಅಂಕೆಗಳಲ್ಲಿ ಒಂದು ಉಜ್ಜಿಹೋಗಿದ್ದರೆ, ಇಲ್ಲವೇ ದಾಖಲೆ ಬರೆದವರು ಒಂದನ್ನು ಏಳೆಂದು ಬರೆದಿದ್ದರೆ? ಅದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆ ಗುಮಾಸ್ತರು ಯಾರೋ, ಸರಿಯಾಗಿ ಬರೆದಿಟ್ಟರಲ್ಲ.

— ಅಣ್ಣ ಅಂಗಡಿಯವರಿಗೆ ಪಾಲಿಶ್ ಮಾಡಿಸಿಡಿ ಎಂದು ಹೇಳುವವನಿದ್ದ. ಹೊಸದರಂತೆ ಮಿಂಚಿದರೆ ಹೆಚ್ಚು ಬರುತ್ತದೆ ಅಂತ.

— ಬೇಡ ಅನ್ನು. ಇವತ್ತೇ ಫೋನು ಮಾಡಿ ಹೇಳು. ಈ ನೀಲಿಗಪ್ಪು ಬಣ್ಣ ಕಾರ್ಖಾನೆಯದು. ಹಿಡಿಯ ಅಂಚಿನಲ್ಲಿ, ನಳಿಗೆಯ ತುದಿಯಲ್ಲಿ ಸವೆದಿರುವುದು ನಿಜವಾದ ಬಳಕೆಯ ಸವೆತ. ಪಾಲಿಶ್ ಚಕ್ರಕ್ಕೆ ಹಿಡಿದರೆ ಮೊದಲು ಹೋಗುವುದು ಅಂಚು, ಆಮೇಲೆ ಈ ಕಿರೀಟ, ಈ ಎಫ್, ಕೊನೆಗೆ ಸಂಖ್ಯೆ. ಅಮೆರಿಕದಲ್ಲಿ ಇದೇ ತಪ್ಪನ್ನು ಸಾವಿರಗಟ್ಟಲೆ ಮಾಡಿದರು. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಹೋದ .455 ವೆಬ್ಲಿಗಳ ಸಿಲಿಂಡರಿನ ಹಿಂಬದಿ ಕೆತ್ತಿ, ಅಲ್ಲಿ ಸುಲಭವಾಗಿ ಸಿಗುವ .45 ಗುಂಡು ಹಿಡಿಸುವಂತೆ ಮಾಡಿದರು. ಈಗ ಸಂಗ್ರಾಹಕರು ಕೆತ್ತದೆ ಉಳಿದವುಗಳನ್ನೇ ಹುಡುಕಿ ಹೆಚ್ಚು ಕೊಡುತ್ತಾರೆ. ಇನ್ನು ವೆಬ್ಲಿ ಹುಟ್ಟಿದ ಬ್ರಿಟನ್ನಿನಲ್ಲಿ 1996ರ ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ಮೇಲೆ, 1997ರಲ್ಲಿ ಕೈಕೋವಿಗಳನ್ನು ಜನಸಾಮಾನ್ಯರಿಂದ ಹೆಚ್ಚುಕಡಿಮೆ ಪೂರ್ತಿ ವಾಪಸು ಪಡೆದರು. ಹದಿನಾರು ಪುಟ್ಟ ಮಕ್ಕಳು ಸತ್ತಿದ್ದರು. ಆ ದೇಶ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

— ಹಾಗಾದರೆ ನಮ್ಮಲ್ಲಿ ಇದಕ್ಕೆ ಬೆಲೆ ಬರುವುದು ಯಾತಕ್ಕೆ?

— ಬಾಗಿಲು ಮುಚ್ಚಿರುವುದಕ್ಕೆ. ಎಂಬತ್ತರ ದಶಕದಿಂದ ಸಾಮಾನ್ಯ ಜನರಿಗೆ ವಿದೇಶಿ ಕೋವಿಯ ಆಮದು ನಿಂತಿತು. ಮೊದಲೇ ಒಳಗೆ ಬಂದಿದ್ದ ವೆಬ್ಲಿ, ಕೋಲ್ಟ್, ಸ್ಮಿತ್ ಅಂಡ್ ವೆಸನ್ನುಗಳೇ ಕೈಯಿಂದ ಕೈಗೆ ತಿರುಗಬೇಕು. ನಿಷೇಧಿತವಲ್ಲದ ಬೋರಿನವು ಅದರಲ್ಲೂ ಕಡಿಮೆ. ಲೈಸೆನ್ಸ್ ಸಿಕ್ಕಿದವರು ಹೊಸದು ಬೇಕೆಂದರೆ ದೇಶಿಯದನ್ನೇ ಕೊಳ್ಳಬೇಕು. 2014ರಲ್ಲಿ ಕಾನ್ಪುರದವರು ಹೆಂಗಸರಿಗೆಂದು ಅರ್ಧ ಕೆಜಿ ತೂಕದ ‘ನಿರ್ಭೀಕ್’ ರಿವಾಲ್ವರ್ ತಂದಾಗಲೇ ಅದರ ಬೆಲೆ 1,22,360 ರೂಪಾಯಿ ಇತ್ತು. ಹೊಸ ದೇಶಿ ಕೋವಿಗೇ ಅಷ್ಟು ಕೊಡುವ ಪೇಟೆಯಲ್ಲಿ, ಅಚ್ಚುಗಳೆಲ್ಲ ಉಳಿದಿರುವ 1955ರ .32 ವೆಬ್ಲಿಗೆ ಎಪ್ಪತ್ತು ಸಾವಿರ ಎಂದರೆ ಕೇಳಿದವರಿಗೆ ನಿಮ್ಮ ಅವಸರ ಗೊತ್ತಾಗಿದೆ ಎಂದು ಅರ್ಥ.

— ಎಷ್ಟು ಕೇಳಬಹುದು?

— ಫೋಟೋ ನೋಡಿ ಹೇಳುವುದಿಲ್ಲ. ನಳಿಗೆಯ ಒಳಗಿನ ಸುರುಳಿ ಗೀರು ಚೂಪಾಗಿದೆಯಾ, ತುಕ್ಕಿನ ಗುಳಿ ಬಿದ್ದಿದೆಯಾ ನೋಡಬೇಕು. ಹ್ಯಾಮರ್ ಎಳೆದಾಗ ಸಿಲಿಂಡರಿನ ಮನೆ ನಳಿಗೆಯ ನೇರಕ್ಕೆ ಬಂದು ಗಟ್ಟಿಯಾಗಿ ನಿಲ್ಲಬೇಕು. ಅಲ್ಲಾಡಿದರೆ ಗುಂಡಿನ ಸೀಸ ಪಕ್ಕಕ್ಕೆ ಚಿಮ್ಮುತ್ತದೆ, ಹಾರಿಸಿದವನ ಕೈಗೇ ಅಪಾಯ. ಕೊಕ್ಕೆಯ ಸಂದು ಸಡಿಲವಾಗಿದೆಯಾ ಎನ್ನುವುದು ಈ ಮಡಚುವ ನಮೂನೆಯಲ್ಲಿ ಬಹಳ ಮುಖ್ಯ. ಇದೆಲ್ಲ ಅಂಗಡಿಯ ಆರ್ಮರರ್ ಖಾಲಿ ಕೋವಿಯಲ್ಲಿ ಮಾಡುವ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ನಾನೂ ಜೊತೆಗೆ ಬರುತ್ತೇನೆ. ಎರಡು ಬೇರೆ ಅಂಗಡಿಯವರಿಂದ ಬರಹದಲ್ಲಿ ಬೆಲೆ ಕೇಳೋಣ. ಸ್ಥಿತಿ ಚೆನ್ನಾಗಿದ್ದರೆ ಹೊಸ ದೇಶಿ ರಿವಾಲ್ವರಿನ ಬೆಲೆಯಿಂದ ಮಾತು ಶುರುವಾಗಲಿ, ಅದಕ್ಕಿಂತ ಕೆಳಗಿನಿಂದಲ್ಲ.

— ಅಣ್ಣನಿಗೆ ಇನ್ನೊಂದು ಆಸೆ ಇದೆ. ಮಾರುವುದೇ ಬೇಡ, ನಾನು ನನ್ನ ಹೆಸರಿಗೆ ಮಾಡಿಕೊಳ್ಳಲಿ ಅಂತ. ಅವನ ಮೇಲೆ ಹೋಟೆಲಿನ ಜಗಳದ ಒಂದು ಹಳೇ ಕೇಸು ಇದೆ, ಲೈಸೆನ್ಸ್ ಸಿಗಲಿಕ್ಕಿಲ್ಲ.

— ಆಗಬಹುದು. 2016ರ ಆಯುಧ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡುವ ನಿಯಮ ಇದೆ. ಲೈಸೆನ್ಸ್‌ದಾರರು ಬದುಕಿರುವಾಗಲೇ, ಎಪ್ಪತ್ತು ವಯಸ್ಸಾದ ಮೇಲೆ ಅಥವಾ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡ ಮೇಲೆ, ಹೆಸರು ಸೂಚಿಸಿ ವರ್ಗ ಮಾಡಿಸಬಹುದಿತ್ತು. ನಿನ್ನ ಅಪ್ಪ ಮಾಡಿಸಿದ್ದರೆ ಈ ಓಡಾಟ ಇರುತ್ತಿರಲಿಲ್ಲ. ಈಗ ನೀನು ಐರೋಲಿಯಲ್ಲಿದ್ದೀ, ಅಂದರೆ ನವಿ ಮುಂಬಯಿ ಕಮಿಷನರೇಟು. ಬೇಲಾಪುರಕ್ಕೆ ಅರ್ಜಿ ಹಾಕಬೇಕು. ಕಲ್ಯಾಣದ ದಾಖಲೆಯೆಲ್ಲ ಥಾಣೆ ಕಮಿಷನರೇಟಿನದು. ಸೇತುವೆ ದಾಟಿದರೆ ಐರೋಲಿ, ಆದರೆ ಕಾಗದ ಎರಡು ಕಚೇರಿ ದಾಟಬೇಕು. ಅದೆಲ್ಲ ಆಗುವ ಕೆಲಸವೇ. ಕೇಳಬೇಕಾದದ್ದು ಬೇರೆ. ನಿನಗೆ ಬೇಕಾ?

— ನನ್ನ ಮಗನಿಗೆ ಈಗ ಆರು ವರ್ಷ. ಎಲ್ಲ ಡ್ರಾಯರನ್ನೂ ಎಳೆಯುತ್ತಾನೆ. ಅಪ್ಪನ ನೆನಪಿಗೆ ಎಂದು ಒಂದು ಕ್ಷಣ ಅನಿಸಿತ್ತು. ನೆನಪಿಗೆ ಅವರ ಗಲ್ಲಾಪೆಟ್ಟಿಗೆ ಇದೆ.

— ನೀನು ಬೇಡ ಎಂದರೆ ನನಗೆ ಸಂತೋಷ. ನಿನ್ನ ಅಪ್ಪ ಹೆದರಿಕೆಯಿಂದ ಕೊಂಡದ್ದನ್ನು ನೀವು ಹೆದರಿಕೆ ಇಲ್ಲದೆ ಕಾಯಬೇಕಾಗಿಲ್ಲ. ಹಾಗಾದರೆ ಮಾರುವ ದಾರಿ ಹೇಳುತ್ತೇನೆ. ಮೊದಲ ಅರ್ಜಿ ಥಾಣೆಗೆ, ಸಂಖ್ಯೆಯ ತಿದ್ದುಪಡಿಗೆ. ಹಳೆಯ ಪುಸ್ತಕ, ಚುನಾವಣೆಯ ರಶೀದಿಗಳು, ಅಂಗಡಿಯ ಜಮಾ ರಶೀದಿ, ಮರಣ ಪ್ರಮಾಣಪತ್ರ, ಎಲ್ಲದರ ನಕಲು ಹಚ್ಚಿ. ಮೂಲ ಯಾವುದನ್ನೂ ಕೈಬಿಡಬೇಡ. ಅದು ಸರಿಯಾದ ಮೇಲೆ ಎರಡನೆಯದು, ಮಾರುವ ಅನುಮತಿಗೆ. ಉಲ್ಲಾಸನಗರದವರಂಥ ಖಾಸಗಿ ವ್ಯಕ್ತಿಗೆ ಕೊಡುವುದಾದರೆ ಅವರ ಹೆಸರು, ವಿಳಾಸ ಬರಹದಲ್ಲಿ ತಿಳಿಸಿ ನಲವತ್ತೈದು ದಿನ ಕಾಯಬೇಕು, 5ನೇ ಕಲಮಿನಲ್ಲಿ ಹಾಗಿದೆ. ನನ್ನನ್ನು ಕೇಳಿದರೆ ಅಂಗಡಿಯ ಮೂಲಕವೇ ಮಾರುವುದು ಲೇಸು. ನಾಲ್ಕು ಕಾಸು ಕಮಿಷನ್ ಹೋದರೂ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಎದುರು ಗೆರೆ ಎಳೆದು ಮುಗಿಸುತ್ತಾರೆ.

— ಉಲ್ಲಾಸನಗರದವರು ಇವತ್ತು ಸಂಜೆ ಮುಂಗಡ ಕೊಡುತ್ತೇನೆ ಎಂದಿದ್ದಾರೆ.

— ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಗುಂಡುಗಳು ಎಷ್ಟಿದ್ದವು?

— ರಶೀದಿಯಲ್ಲಿ ಹದಿನೆಂಟು ಎಂದಿದೆ. ಪುಸ್ತಕದಲ್ಲಿ ಕೊನೆಗೆ ಕೊಂಡದ್ದು ಇಪ್ಪತ್ತು.

— ನಿನ್ನ ಅಪ್ಪ ಹಾರಿಸಿದವರಲ್ಲ. ಹಾಗಾದರೆ ಎರಡು ಇನ್ನೂ ಮನೆಯಲ್ಲೇ ಇವೆ. ಅಣ್ಣನಿಗೆ ಫೋನು ಹಚ್ಚು, ಕಪಾಟು, ಗಲ್ಲಾ, ಅವರ ಹಳೆ ಕೋಟಿನ ಜೇಬು ಎಲ್ಲ ನೋಡಲಿ. ಸಿಕ್ಕಿದರೆ ಮಕ್ಕಳ ಕೈಗೆ ಸಿಗದ ಹಾಗೆ ಬೀಗದೊಳಗಿಟ್ಟು ಠಾಣೆಗೆ ತಿಳಿಸಲಿ. ಅವರು ಹೇಳಿದಲ್ಲಿಗೆ ಕೊಟ್ಟು, ಅದಕ್ಕೂ ರಶೀದಿ ತೆಗೆದುಕೊಳ್ಳಲಿ. ತಿದ್ದುಪಡಿಯ ಅರ್ಜಿ ನಾಳೆ ಬೆಳಿಗ್ಗೆ ಇಲ್ಲೇ ಕೂತು ಬರೆಯೋಣ, ನೀನು ಮರಾಠಿಯಲ್ಲಿ ಬರೆ, ನಾನು ಅಂಕೆಗಳನ್ನು ಓದಿ ಹೇಳುತ್ತೇನೆ.